ಅಪ್ಪನ ಕೈಗೊಂದು ವಾಚು

ನನ್ನ ಬಲಗಾಲಿಗೊಂದು ರೋಗವಿದೆ. ನಾನು ಕಾರು ಓಡಿಸುವುದನ್ನು ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತವಳಿಗೆ ಇರುವ ಆಯುಧ ಒಂದೇ, ಕಾಲಡಿಯ ಎರಡನೇ ಬ್ರೇಕು. ವರ್ಷಗಟ್ಟಲೆ ಅದನ್ನು ತುಳಿದೂ ತುಳಿದೂ ಈಗ ಎಲ್ಲಿ ಎಡವಟ್ಟಾಗುವಂತೆ ಕಂಡರೂ ಕಾಲು ತಾನಾಗಿ ನೆಲ ಒತ್ತುತ್ತದೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒತ್ತುತ್ತದೆ. ಗಂಡ ಹಾಲು ಕಾಯಿಸಲು ಇಟ್ಟು ಮೊಬೈಲು ನೋಡುತ್ತಿದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒತ್ತುತ್ತದೆ. ಆ ದಿನ ವಾಚಿನ ಅಂಗಡಿಯಲ್ಲಂತೂ ಅದಕ್ಕೆ ಬಿಡುವೇ ಇರಲಿಲ್ಲ.

ಗಾಜಿನ ಕೌಂಟರಿನ ಮೇಲೆ ಕಪ್ಪು ಮಖಮಲ್ಲಿನ ತಟ್ಟೆ, ಅದರಲ್ಲಿ ಎರಡು ವಾಚು. ಹೊಸದು ತಮ್ಮ ಆರಿಸಿದ್ದು. ಕೈಯಲ್ಲಿ ಹಿಡಿದರೆ ಭಾರ, ಕಡುನೀಲಿ ಮುಖ, ಅಂಕಿಗಳ ಜಾಗದಲ್ಲಿ ಸಣ್ಣ ಬೆಳ್ಳಿ ಗೀಟುಗಳು. ಹಳೆಯದು ನಾನು ಆರಿಸಿದ್ದು. ನಾನು ಹುಟ್ಟುವ ಮೊದಲೇ ತಯಾರಾದದ್ದಂತೆ. ಅದಕ್ಕೂ ಅಂಕಿಗಳಿರಲಿಲ್ಲ, ಮುಖ ಹಳದಿಗಟ್ಟಿತ್ತು, ದಿನಾ ಕೀ ಕೊಡಬೇಕಿತ್ತು.

"ಹೊಸದೇ ಇರ್ಲಿ ಅಕ್ಕ. ಗ್ಯಾರಂಟಿ ಇದೆ, ನೀರಿಗೆ ಬಿದ್ರೂ ಏನೂ ಆಗಲ್ಲ" ಎಂದ ತಮ್ಮ.

"ಅಪ್ಪ ಏನು ಸಮುದ್ರದಲ್ಲಿ ಮುಳುಗೋಕೆ ಹೋಗ್ತಾನಾ? ಹಳೇದರ ಅಂದ ನೋಡು."

"ಅಂದ ಕಟ್ಕೊಂಡು ಏನ್ ಮಾಡ್ತೀಯ? ನಾಳೆ ನಿಂತ್ರೆ ರಿಪೇರಿಗೆ ಅಲೆಯೋರು ಯಾರು?"

ತಮ್ಮ ವಿಮೆ ಏಜೆಂಟು. ಅವನ ಕಣ್ಣಿಗೆ ಪ್ರಪಂಚದಲ್ಲಿ ಇರುವುದು ಎರಡೇ, ಆಗಿಹೋದ ಅಪಘಾತ ಮತ್ತು ಆಗಲಿರುವ ಅಪಘಾತ. ನನ್ನ ಕಾಲಿಗಿರುವ ರೋಗ ಅವನ ಬಾಯಿಗಿದೆ ಅಷ್ಟೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಅಪ್ಪ ಬಾಗಿಲ ಬಳಿಯ ಸೋಫಾದಲ್ಲಿ ಕೂತು ಬಂದುಹೋಗುವವರ ತಲೆಗಳನ್ನು ನೋಡುತ್ತಿದ್ದ. ಯಾರೋ ಯುವಕ ಒಳಗೆ ಬಂದಾಗ "ಪಾಪ, ಯಾರು ಹೀಗೆ ಕೆತ್ತಿ ಕಳಿಸಿದ್ರೋ" ಎಂದು ತನಗೆ ತಾನೇ ಹೇಳಿಕೊಂಡ.

ಅಪ್ಪ ಕ್ಷೌರಿಕ. ಒಂದೇ ಕುರ್ಚಿಯ ಅಂಗಡಿ, ಅದರ ಸಂಪಾದನೆಯಲ್ಲೇ ನಾವಿಬ್ಬರೂ ಓದಿದ್ದು. ಅವನು ಕೈಗೆ ಎಂದೂ ವಾಚು ಕಟ್ಟಿದವನಲ್ಲ. ಕಟ್ಟಿದರೆ ಪಟ್ಟಿಯೊಳಗೆ ಕೂದಲು ಸೇರುತ್ತದೆ, ಗಿರಾಕಿಯ ಕುತ್ತಿಗೆಗೆ ತಣ್ಣಗೆ ತಾಗುತ್ತದೆ. ಅಂಥವನಿಗೆ ಈ ವಯಸ್ಸಿನಲ್ಲಿ ನಾವು ದುಬಾರಿ ವಾಚು ಕೊಡಿಸಲು ಹೊರಟದ್ದು ಪ್ರೀತಿಯಿಂದಲೇ, ಆದರೆ ಬರೀ ಪ್ರೀತಿಯಿಂದಲ್ಲ. ವಾಚು ಕಟ್ಟಿಸಿ, ಊಟಕ್ಕೆ ಕರೆದುಕೊಂಡು ಹೋಗಿ, ನಿಧಾನಕ್ಕೆ ಅಂಗಡಿಯ ಬೀಗದಕೈ ಕೇಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯೋಚನೆ ತಮ್ಮನದು. ನಾನು ಬೇಡ ಎನ್ನಲಿಲ್ಲ, ಏಕೆಂದರೆ ನನಗೂ ಭಯವಿತ್ತು.

ಅಪ್ಪನಿಗೆ ಅರಳುಮರಳು ಶುರುವಾದಂತಿತ್ತು. ಮೂರ್ನಾಲ್ಕು ತಿಂಗಳ ಹಿಂದೆ ತಮ್ಮನೇ ಮುಂದೆ ನಿಂತು ಅಂಗಡಿಗೆ ಹೊಸ ರೂಪ ಕೊಡಿಸಿದ್ದ. ಬಣ್ಣ, ಬೆಳಕು, ಹೊಸ ಕುರ್ಚಿ. ಹಿಂದಿನ ಗೋಡೆಯಲ್ಲಿದ್ದ ಹಳೆಯ ಗಡಿಯಾರ ತೆಗೆಸಿ, ಅಪ್ಪ ಟೈಮು ನೋಡಲು ತಿರುಗುವ ತಾಪತ್ರಯ ಬೇಡವೆಂದು ಎದುರಿಗೇ, ಕನ್ನಡಿಯ ಮೇಲುಗಡೆ, ಬರೀ ಗೀಟುಗಳ ಚಂದದ ಗಡಿಯಾರ ಹಾಕಿಸಿದ್ದ. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೆ ಅಪ್ಪ ಎಡವತೊಡಗಿದ. ಮಧ್ಯಾಹ್ನ ಹನ್ನೆರಡೂವರೆಗೆ ತಮ್ಮನ ಮಗಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳುವುದು ಅವನ ಕೆಲಸ. ಒಂದು ದಿನ ಅರ್ಧ ತಲೆ ಕತ್ತರಿಸಿದ ಗಿರಾಕಿಯನ್ನು ಬಿಟ್ಟು ಓಡಿಹೋಗಿ, ಬಸ್ಸು ಬರುವವರೆಗೆ ಒಂದು ಗಂಟೆ ಬಿಸಿಲಲ್ಲಿ ನಿಂತ. ಅದನ್ನು ನಗಾಡಿ ಮರೆತೆವು. ಇನ್ನೊಂದು ದಿನ ಹೋಗಲೇ ಇಲ್ಲ. ಮಗು ರಸ್ತೆಯ ಅಂಚಿನಲ್ಲಿ ಒಂದು ಗಂಟೆ ಒಂಟಿಯಾಗಿ ಅಳುತ್ತಾ ನಿಂತಿತ್ತು. ಆಮೇಲೆ ಯಾರೂ ನಗಲಿಲ್ಲ. ಶೇವಿಂಗ್‌ಗೆ ಬಂದವರನ್ನು ಅಪ್ಪ "ಕತ್ತಿ ಸಾಣೆಗೆ ಕೊಟ್ಟಿದೀನಿ" ಎಂದು ವಾಪಸು ಕಳಿಸುತ್ತಿದ್ದಾನೆ, ವಾರಗಳಿಂದ ಅದೇ ಮಾತು ಹೇಳುತ್ತಿದ್ದಾನೆ ಎಂದು ಪಕ್ಕದ ಔಷಧಿ ಅಂಗಡಿಯವನೂ ಕಿವಿಗೆ ಹಾಕಿದ. ಇವತ್ತು ಟೈಮು ಮರೆತವನು ನಾಳೆ ಗಿರಾಕಿಯ ಗಂಟಲ ಮೇಲೆ ಕೈ ಮರೆತರೆ? ತಮ್ಮ ನನ್ನನ್ನು ಹೀಗೆ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

"ಅಪ್ಪ, ಬಾ ಇಲ್ಲಿ. ಎರಡರಲ್ಲಿ ಒಂದು ಹೇಳು" ಎಂದು ಕರೆದೆ.

ಅಂಗಡಿಯ ಹುಡುಗಿ ಹೊಸ ವಾಚನ್ನು ಅವನ ಮುಂಗೈಗೆ ಕಟ್ಟಿದಳು. ಸೋಪಿನ ನೀರಲ್ಲಿ ನೆನೆನೆನೆದು ಬಿಳಿಚಿಕೊಂಡ ಆ ಕೈಯಲ್ಲಿ ವಾಚು ಬಾಡಿಗೆಗೆ ತಂದ ಒಡವೆಯಂತೆ ಕಂಡಿತು.

"ಸರಿಯಾಗಿ ಕಾಣತ್ತಾ ಸರ್? ಎಷ್ಟು ಗಂಟೆ ಹೇಳಿ ನೋಡೋಣ" ಎಂದಳು.

ಅಪ್ಪ ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿ, "ಎರಡಕ್ಕೆ ಹತ್ತು ನಿಮಿಷ ಇದೆ" ಎಂದ.

ಹುಡುಗಿ ನಕ್ಕಳು. "ಇಲ್ಲ ಸರ್, ಹತ್ತೂ ಹತ್ತು. ಅಂಗಡೀಲಿರೋ ಎಲ್ಲ ವಾಚಲ್ಲೂ ಹಾಗೇ ಇಟ್ಟಿರ್ತೀವಿ."

ಹಳೆಯದನ್ನು ಕಟ್ಟಿದಳು. ಅಪ್ಪ ನೋಡಿದ. ಬಾಯಿ ತೆರೆದವನು ಏನೂ ಹೇಳದೆ ಮುಚ್ಚಿಕೊಂಡ. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಆ ತಂಪು ಅಂಗಡಿಯಲ್ಲಿ ಬೆವರುವಂಥದ್ದು ಏನೂ ಇರಲಿಲ್ಲ.

ತಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದ. "ಇನ್ನೇನು ಪುರಾವೆ ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಕ್ಕ?"

ನನ್ನ ಕಾಲು ಅಮೃತಶಿಲೆಯ ನೆಲವನ್ನು ಒತ್ತಿ ಹಿಡಿಯಿತು. ಅಪ್ಪನ ಮುಖ ನೋಡಲಾಗದೆ ಬೇರೆ ಕಡೆ ಕಣ್ಣು ತಿರುಗಿಸಿದೆ. ಕೌಂಟರಿನ ಮೇಲೆ, ಕೈಗೆ ವಾಚು ಹೇಗೆ ಒಪ್ಪುತ್ತದೆಂದು ನೋಡಿಕೊಳ್ಳಲು ಇಟ್ಟ ಪುಟ್ಟ ಕನ್ನಡಿಯಿತ್ತು. ಅದರಲ್ಲಿ ಅಪ್ಪನ ಮುಂಗೈ ಕಾಣುತ್ತಿತ್ತು. ಆ ವಾಚಿನಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು.

ಮೊದಲು ನನಗೇ ಅರಳುಮರಳಾಯಿತೇನೋ ಅಂದುಕೊಂಡೆ. ನೇರವಾಗಿ ವಾಚು ನೋಡಿದೆ, ಹತ್ತೂ ಹತ್ತು. ಮತ್ತೆ ಕನ್ನಡಿ ನೋಡಿದೆ, ಎರಡಕ್ಕೆ ಹತ್ತು. ದಿನವಿಡೀ "ಕನ್ನಡಿ ನೋಡು, ಕನ್ನಡಿ ನೋಡು" ಎಂದು ಊರವರ ಮಕ್ಕಳಿಗೆ ಅರಚುವವಳು ನಾನು.

"ಅಪ್ಪ, ಕೈ ನೋಡ್ಬೇಡ. ಆ ಕನ್ನಡೀಲಿ ನೋಡು. ಯೋಚನೆ ಮಾಡ್ಬೇಡ, ಥಟ್ಟಂತ ಹೇಳು. ಎಷ್ಟು ಗಂಟೆ?"

"ಹತ್ತೂ ಹತ್ತು" ಎಂದ ಅಪ್ಪ.

ತಮ್ಮ ಹುಬ್ಬು ಗಂಟಿಕ್ಕಿದ. ನಾನು ಅವನ ತೋಳು ಹಿಡಿದು ಅಲ್ಲಾಡಿಸಿದೆ. ನನ್ನ ದನಿ ಏರಿದ್ದು ಅಂಗಡಿಯವರೆಲ್ಲ ತಿರುಗಿ ನೋಡಿದಾಗಲೇ ನನಗೆ ಗೊತ್ತಾಗಿದ್ದು.

"ಕನ್ನಡಿ ಬೇಕಾಗಿತ್ತು ಕಣೋ, ಕನ್ನಡಿನೇ ಬೇಕಾಗಿತ್ತು! ಗಿರಾಕಿ ತಲೆ ಬಿಟ್ಟು ಅಪ್ಪ ಯಾವತ್ತಾದ್ರೂ ಹಿಂದೆ ತಿರುಗಿ ನೋಡಿದಾನಾ? ಇಷ್ಟು ವರ್ಷ ಅವನು ಹಿಂದಿನ ಗೋಡೆ ಗಡಿಯಾರಾನ ನೋಡಿದ್ದೇ ಕನ್ನಡಿಯೊಳಗೆ. ಉಲ್ಟಾ ಇರೋದನ್ನ ಮನಸ್ಸಲ್ಲೇ ಸೀದಾ ಮಾಡ್ಕೊಂಡು. ನೀನು ತಂದು ಎದುರಿಗೆ ಹಾಕ್ದೆ. ಈಗ ಸರಿಯಾಗಿರೋದನ್ನ ಅವನು ಉಲ್ಟಾ ಮಾಡ್ತಿದಾನೆ!"

ತಮ್ಮ ತನ್ನ ತಲೆಯೊಳಗೆ ಗಡಿಯಾರದ ಮುಳ್ಳುಗಳನ್ನು ತಿರುಗಿಸಿ ನೋಡುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. ಹನ್ನೊಂದೂವರೆ ಹನ್ನೆರಡೂವರೆ ಆಗುತ್ತದೆ. ಹನ್ನೆರಡೂವರೆ ಹನ್ನೊಂದೂವರೆ ಆಗುತ್ತದೆ.

ಅಪ್ಪ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತ. ಕೂತದ್ದಲ್ಲ, ಕುಸಿದ.

"ಒಂದ್ಸಲ ನೋಡಿದ್ರೆ ಹನ್ನೆರಡೂವರೆ ಇರೋದು. ಆಮೇಲೆ ನೋಡಿದ್ರೆ ಹನ್ನೊಂದೂವರೆ" ಎಂದ ನಿಧಾನವಾಗಿ. "ಹೊತ್ತು ಹಿಂದಕ್ಕೆ ಹೋಗ್ತಿದೆ ಅಂತ ಯಾರಿಗೆ ಹೇಳ್ಲಿ? ಗಮನ ಕೊಟ್ಟು ನೋಡಿದ್ರೆ ಸರಿ ಇರೋದು, ಕೆಲಸದ ಮಧ್ಯೆ ನೋಡಿದ್ರೆ ಕೆಡೋದು. ತಲೆ ಹೋಯ್ತು ಅಂತಾನೇ ಅಂದ್ಕೊಂಡಿದ್ದೆ ಕಣಮ್ಮ."

"ನಮ್ಮ ಹತ್ರ ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಕೇಳ್ಲಿಲ್ಲ?"

ಅಪ್ಪನ ಬಗ್ಗೆ ನಾವು ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೆವು. ಅಪ್ಪನ ಜೊತೆ ಮಾತಾಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಪ್ಪ ಹಳೆಯ ವಾಚನ್ನು ಬಿಚ್ಚಿ ತಟ್ಟೆಯಲ್ಲಿಟ್ಟ. "ವಾಚು ಕೊಡ್ಸೋದು ಅಂಗಡಿ ಮುಚ್ಚಿಸೋಕೆ ತಾನೇ?"

ತಮ್ಮನ ಕೈ ತಾನಾಗಿ ಕಾಲರು ಸರಿಮಾಡಿಕೊಂಡಿತು. ನಾನು ಬ್ಯಾಗಿನ ಜಿಪ್ಪು ಎಳೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ನಾವೇ.

"ರಿಟೈರಾದೋರ ಗಡ್ಡ ಎಷ್ಟು ತೆಗೆದಿಲ್ಲ ನಾನು? ಎಲ್ರ ಕೈಯಲ್ಲೂ ಹೊಸ ವಾಚು, ಟೈಮ್ ನೋಡ್ಕೊಂಡು ಹೋಗೋಕೆ ಒಂದು ಜಾಗ ಇಲ್ಲ. ನನ್ನ ಅಂಗಡಿ ಬೆಂಚಲ್ಲೇ ಕೂರ್ತಾರೆ, ಪಾಪ." ಆಮೇಲೆ ತಟ್ಟೆಯ ಕಡೆ ಬೆರಳು ತೋರಿಸಿದ. "ಕೆಲಸ ಬಿಡೋ ದಿನ ನಾನೇ ಬಂದು ಕೇಳ್ತೀನಿ. ಆಗ ಈ ಹಳೇದು ಕೊಡ್ಸಿ. ದಿನಾ ಕೀ ಕೊಡ್ಬೇಕಲ್ಲ, ಕೈಗೊಂದು ಕೆಲಸ ಇರತ್ತೆ."

ಹುಡುಗಿ ಏನೂ ಮಾರದೆಯೇ ನಮ್ಮನ್ನು ಬಾಗಿಲವರೆಗೆ ಕಳಿಸಿಕೊಟ್ಟಳು.

ಊಟಕ್ಕೆ ಹೋಗಲಿಲ್ಲ. ನೇರ ಅಪ್ಪನ ಅಂಗಡಿಗೆ ಬಂದೆವು. ತಮ್ಮ ಶೂ ಬಿಚ್ಚಿ, ಸ್ಟೂಲು ಹತ್ತಿ, ಕನ್ನಡಿಯ ಮೇಲಿದ್ದ ಗಡಿಯಾರ ಇಳಿಸಿದ. ಹಿಂದಿನ ಗೋಡೆಯ ಹೊಸ ಬಣ್ಣದಡಿ ಹಳೆಯ ಮೊಳೆ ಹಾಗೇ ಇತ್ತು. ಗಡಿಯಾರ ತೂಗುಹಾಕಿ ಕೆಳಗಿಳಿದವನು ಅಪ್ಪನ ಮುಖ ನೋಡಲಿಲ್ಲ. ಅಪ್ಪ ಕನ್ನಡಿಯ ಮುಂದೆ ನಿಂತು, ಕುರ್ಚಿಯ ಧೂಳು ಒರೆಸುತ್ತಲೇ ಒಮ್ಮೆ ಕಣ್ಣೆತ್ತಿ, ಗಂಟೆ ಎಷ್ಟೆಂದು ಹೇಳಿದ. ಸರಿಯಾಗಿತ್ತು.

ಆಮೇಲೆ ಕೆಳಗಿನ ಡ್ರಾಯರು ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ಕತ್ತಿಯನ್ನು ಹೊರಗೆ ತೆಗೆದ.

"ಸಾಣೆಗೆ ಕೊಟ್ಟಿದೀನಿ ಅಂದಿದ್ಯಲ್ಲ?" ಎಂದೆ.

"ಸುಳ್ಳು ಹೇಳಿದ್ದೆ. ತಲೆ ಮೇಲೆ ನಂಬಿಕೆ ಹೋದ ಮೇಲೆ ಕತ್ತಿ ಹಿಡಿಯೋದು ಹ್ಯಾಗೆ? ಗಿರಾಕಿ ಕತ್ತು ಅಂದ್ರೆ ಆಟದ ಸಾಮಾನಾ?"

ನಾವು ಬೀಗದಕೈ ಕೇಳಲು ಉಪಾಯ ಹುಡುಕುತ್ತಿದ್ದಾಗ ಅಪ್ಪ ಯಾರೂ ಹೇಳದೆಯೇ ಕತ್ತಿ ಕೆಳಗಿಟ್ಟಿದ್ದ.

ಅಪ್ಪ ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆದ. ಆ ಸದ್ದು ಕೇಳಿಸಿಕೊಂಡೇ ನಾವಿಬ್ಬರೂ ಬೆಳೆದದ್ದು. ಆಮೇಲೆ ತಮ್ಮ ತನ್ನ ಕೈಯ ವಾಚು ಬಿಚ್ಚಿದ. ಗಿರಾಕಿಗಳು ಇಡುವ ಹಾಗೆಯೇ ಅದನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತ.

"ನಂಗೆ ಮಾಡಪ್ಪ" ಎಂದ.

"ವಿಮೆ ಕಂತು ಕಟ್ಟಿದೀಯ ತಾನೇ?" ಎಂದು ಅಪ್ಪ ಅವನ ಕತ್ತಿನ ಸುತ್ತ ಬಟ್ಟೆ ಹೊದಿಸಿದ.

ತಮ್ಮ ನಗಲು ನೋಡಿದ, ಆಗಲಿಲ್ಲ. ನೊರೆ ಹಚ್ಚಿಸಿಕೊಂಡು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅಪ್ಪನ ಎಡಗೈ ಅವನ ಗದ್ದ ಎತ್ತಿತು, ಬಲಗೈಯ ಕತ್ತಿ ಕಿವಿಯ ಕೆಳಗಿನಿಂದ ಇಳಿಯತೊಡಗಿತು. ಗಂಟಲ ಹತ್ತಿರ ಬಂದಾಗ ಬೆಂಚಿನ ಮೇಲೆ ಕೂತಿದ್ದ ನನ್ನ ಬಲಗಾಲು ನೆಲವನ್ನು ಒತ್ತಿತು, ಹಿಮ್ಮಡಿ ನೋಯುವಷ್ಟು.

ಅಪ್ಪ ತಿರುಗಲಿಲ್ಲ. ಕನ್ನಡಿಯಲ್ಲೇ ನನ್ನ ಕಾಲು ನೋಡಿದ.

"ಬ್ರೇಕ್ ಬಿಡೇ" ಎಂದ. "ಓಡಿಸ್ತಿರೋದು ನಾನು."

ಕಾಲು ಎತ್ತಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.