ಆಗದ ಲಗ್ನದ ಪತ್ರಿಕೆ

ನಾನು ಅಂಗೈ ಅಗಲದ ಒಂದು ರಟ್ಟು. ನನ್ನ ಒಂದು ಮಗ್ಗುಲನ್ನು ಓದಿ ಹನ್ನೆರಡು ಸಾವಿರ ಜನ ಲಗ್ನದ ಊಟಕ್ಕೆ ಎದ್ದು ಬಂದರು. ಇನ್ನೊಂದು ಮಗ್ಗುಲನ್ನು ಓದಿ ಲಂಡನ್ ಪಟ್ಟಣದ ಅರ್ಧ ಜನ ತಮ್ಮ ಇಂಗ್ಲಿಷನ್ನು ತಿದ್ದಿಕೊಂಡರು. ನಂಬಿಕೆ ಬಾರದಿದ್ದರೆ ಬಿಡಿ. ಹೊಟ್ಟೆಕಿಚ್ಚಿನವರು ಎಲ್ಲ ಕಡೆ ಇರುತ್ತಾರೆ.

ಹುಟ್ಟಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಪ್ರೆಸ್ಸಿನಲ್ಲಿ. ನಾನು ಯಂತ್ರದಿಂದ ಹೊರಬಿದ್ದಾಗ ಬಂಗಾರದ ಮಸಿಯ ಹೊಳಪಿಗೆ ಪ್ರೆಸ್ಸಿನವನು ಮೂರು ದಿನ ಕಣ್ಣು ಬಿಡಲಿಲ್ಲ. ಮೇಲೆ ಗಣಪತಿ, ಕೆಳಗೆ ‘ಚಿ. ಸೌ. ಶಕುಂತಲಾ’, ಅದರ ಕೆಳಗೆ ವರನ ಹೆಸರು, ತಾರೀಖು, ಕಲ್ಯಾಣಮಂಟಪ. ಬೆನ್ನು ಮಾತ್ರ ಖಾಲಿ. ನನ್ನಂಥ ಐನೂರು ಜನರನ್ನು ದಾರದಿಂದ ಬಿಗಿದು ಶಕುಂತಲಾಳ ಮನೆಯ ಗೋಡೆಯ ಮಾಡಿನಲ್ಲಿಟ್ಟರು. ನಮ್ಮನ್ನು ಹಂಚುವ ಮೊದಲೇ ಲಗ್ನ ಮುರಿಯಿತು. ಊಟಕ್ಕೆ ಬಂದವರು ಹನ್ನೆರಡು ಸಾವಿರ ಅಂದೆನಲ್ಲ, ಅದರಲ್ಲಿ ಒಂದು ಹನ್ನೆರಡು ಸಾವಿರ ಕಡಿಮೆ ಮಾಡಿಕೊಳ್ಳಿ.

ಮುರಿದದ್ದು ಒಂದು ರವಿಕೆಯಿಂದ. ಶಕುಂತಲಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬೀಗರ ಕಡೆಯ ಹೆಂಗಸರಿಗೂ ತಾನೇ ರವಿಕೆ ಹೊಲಿದುಕೊಡುತ್ತೇನೆ ಎಂದಿದ್ದಳು. ಅತ್ತೆಯಾಗಬೇಕಾದಾಕೆ ತನ್ನದೊಂದು, ಮಗಳದೊಂದು ಅಳತೆ ರವಿಕೆ ಕಳಿಸುತ್ತೇನೆ ಎಂದು ಗಂಟು ಕಳಿಸಿದಳು. ಬಿಚ್ಚಿದರೆ ಮೂರಿದ್ದವು. ಮೂರನೆಯದರಲ್ಲಿ ತೊಳೆದರೂ ಹೋಗದ ಹಾಲಿನ ಕಲೆ, ಬಿಚ್ಚಿ ಅಗಲ ಮಾಡಿದ ಮಗ್ಗುಲ ಹೊಲಿಗೆ, ಕುತ್ತಿಗೆಯ ಒಳಗಡೆ ಪಕ್ಕದ ತಾಲ್ಲೂಕಿನ ದರ್ಜಿಯ ಹೆಸರಿನ ಪಟ್ಟಿ. ಬಾಣಂತಿಯ ರವಿಕೆ ಅದು. ಆ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ. ಶಕುಂತಲಾ ಬಸ್ಸು ಹತ್ತಿ ಆ ದರ್ಜಿಯ ಅಂಗಡಿಗೆ ಹೋದಳು. ಅವನು ರವಿಕೆ ನೋಡಿದ್ದೇ ವರನ ಹೆಸರು ಹೇಳಿ, “ಅವರ ಹೆಣ್ತೀದ್ರಿ. ಗಂಡು ಕೂಸು ಆಗೇತಿ” ಅಂದ.

ಮನೆಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ನೆರೆಮನೆಯಾಕೆಯ ರವಿಕೆ ಗಂಟಿನಲ್ಲಿ ತಪ್ಪಿ ಬಂದಿದೆ ಎಂದು ಬೀಗರು ಹೇಳಿದರು. ಅಪ್ಪ ವಿಚಾರಿಸಲು ಹೋದಾಗ ದರ್ಜಿ ಹೆದರಿ, ನನಗೇನೂ ಗೊತ್ತಿಲ್ಲ ಎಂದುಬಿಟ್ಟ. ತಂಗಿ ದಾಕ್ಷಾಯಣಿಯಂತೂ ನಕ್ಕಳು.

“ಏನಕ್ಕಾ, ಟೇಪು ಹಿಡದು ಗಂಡನ್ನೂ ಅಳದಿಯೇನ? ಒಲ್ಲೆ ಅನ್ನಾಕ ಬ್ಯಾರೆ ನೆವ ಸಿಗಲಿಲ್ಲೇನ ನಿನಗ?”

“ನೀನೂ ಹಂಗ ಅಂತಿ?”

“ಮತ್ತೇನನ್ನಲಿ? ಇಂಥಾ ಕತಿ ಯಾರ ನಂಬ್ತಾರ?”

ಶಕುಂತಲಾ ಕತ್ತರಿ ಕೆಳಗಿಟ್ಟಳು. ಲಗ್ನ ಬೇಡ ಎಂದಳು, ಅಷ್ಟೆ. ಹಟಮಾರಿ ಎಂಬ ಹೆಸರು ಅವಳಿಗೆ ಅಂಟಿತು. ಅಂದಿನಿಂದ ತಂಗಿಯೊಡನೆ ಅವಳ ಮಾತು ‘ಉಣ್ಣಾಕ ಬಾ’, ‘ಬಾಗಿಲ ಹಾಕು’ ಇಷ್ಟಕ್ಕೇ ನಿಂತಿತು. ಮಾಡಿನಲ್ಲಿ ಕೂತು ಎಲ್ಲವನ್ನೂ ಕೇಳಿದವನು ನಾನು. ನನ್ನ ಕಿವಿಗೆ ಹತ್ತು ಹರದಾರಿ ದೂರದ ಪಿಸುಮಾತೂ ಬೀಳುತ್ತದೆ.

ಎಂಟು ತಿಂಗಳು ಕಳೆಯಿತು. ದಾಕ್ಷಾಯಣಿಗೆ ಬಿ.ಎಡ್. ಕಾಲೇಜಿನ ಅಂತಿಮ ಪಾಠ ಬಂತು. ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಶಬ್ದ ಕಲಿಸಬೇಕು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕೂತು ಅಂಕ ಹಾಕುತ್ತಾರೆ. ಪಾಠಕ್ಕೆ ಫ್ಲ್ಯಾಶ್ ಕಾರ್ಡು ಬೇಕೇ ಬೇಕು. ಆ ಕಾಲೇಜಿನವರೆಲ್ಲ ಅದನ್ನು ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೇ ಬರೆದುಕೊಳ್ಳುತ್ತಿದ್ದರು. ಅವಳು ಕಟ್ಟು ಬಿಚ್ಚಿ, ಐನೂರು ಜನರಲ್ಲಿ ನನ್ನ ರೂಪ ಮೆಚ್ಚಿ ನನ್ನನ್ನೇ ಆರಿಸಿದಳು. ಎಲ್ಲರಿಗಿಂತ ಮೇಲೆ ಇದ್ದವನು ನಾನು ಅನ್ನುವುದು ಬೇರೆ ಮಾತು. ನನ್ನ ಬೆನ್ನ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ರೆಡಿಬಲ್’ ಎಂದು ಬರೆದಳು.

ತರಗತಿಯಲ್ಲಿ ನನ್ನನ್ನು ಎತ್ತಿ ಹಿಡಿದಾಗ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದರು. ಪರೀಕ್ಷಕ ಕುಲಗೋಡ ಸರ್ ಕನ್ನಡಕ ಒರೆಸಿಕೊಂಡರು.

“ಕ್ರೆಡಿಬಲ್ ಅಂದ್ರ ನಂಬಲಿಕ್ಕೆ ಯೋಗ್ಯವಾದದ್ದು,” ಎಂದಳು ದಾಕ್ಷಾಯಣಿ. “ಎ ಕ್ರೆಡಿಬಲ್ ವಿಟ್ನೆಸ್, ನಂಬಬಹುದಾದ ಸಾಕ್ಷಿ. ಎ ಕ್ರೆಡಿಬಲ್ ಸ್ಟೋರಿ, ನಂಬಬಹುದಾದ ಕತಿ. ಈಗ ನೀವೊಂದು ವಾಕ್ಯ ಹೇಳ್ರಿ.”

ಮುಂದಿನ ಬೆಂಚಿನ ಹುಡುಗ ಎದ್ದ. “ಐ ಆಮ್ ಕ್ರೆಡಿಬಲ್ ಇನ್ ಗಾಡ್, ಟೀಚರ್.”

“ದೇವರನ್ನ ನಂಬಾಂವ ನೀನು. ನಂಬೋರಿಗೆ ಈ ಶಬ್ದ ಹಚ್ಚಂಗಿಲ್ಲಪಾ. ಹೇಳೋರಿಗೆ ಹಚ್ಚಬೇಕು, ಇಲ್ಲಾ ಅವರ ಮಾತಿಗೆ.”

ಎರಡನೆಯ ಬೆಂಚಿನಿಂದ ಫರ್ಜಾನಾ ಎಂಬ ಹುಡುಗಿ ಕೈ ಎತ್ತಿದಳು. “ಟೀಚರ್, ಒಬ್ಬರು ಖರೇನ ಹೇಳಿದ್ರೂ ಯಾರೂ ನಂಬಲಿಲ್ಲ ಅಂದ್ರ? ಅವಾಗ ಅವರ ಮಾತು ಕ್ರೆಡಿಬಲ್ ಹೌದೋ, ಅಲ್ಲೋ?”

ದಾಕ್ಷಾಯಣಿಯ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಆಗ ನೋಡಿ, ನಾನು ನನ್ನ ಜನ್ಮದ ದೊಡ್ಡ ಸಾಹಸ ಮಾಡಿದೆ. ಅವಳ ಕೈಯಿಂದ ಚಂಗನೆ ಜಿಗಿದು, ಗಾಳಿಯಲ್ಲಿ ಏಳು ಸುತ್ತು ತಿರುಗಿ, ಗಣಪತಿ ಮೇಲಾಗಿ ಮೇಜಿನ ಮೇಲೆ ಕೂತೆ. ‘ಚಿ. ಸೌ. ಶಕುಂತಲಾ’ ಎಲ್ಲರಿಗೂ ಕಾಣಿಸಿತು. ಇನ್ನು ಅವಳು ಬಾಯಿ ಬಿಡಲೇಬೇಕಾಯಿತು.

“ಇದು ನಮ್ಮಕ್ಕನ ಲಗ್ನದ ಪತ್ರಿಕೆ,” ಎಂದಳು. “ಆ ಗಂಡಿಗೆ ಮೊದಲ ಒಂದು ಸಂಸಾರ ಐತಿ ಅಂತ ಅಕ್ಕ ಹೇಳಿದ್ಲು. ನಾ ನಕ್ಕೆ. ಹೋದ ತಿಂಗಳ ಬಸ್‌ಸ್ಟ್ಯಾಂಡಿನ್ಯಾಗ ಅವನನ್ನ ನಾನ ನೋಡಿದೆ. ಬಾಜೂಕ ಹೆಣ್ತಿ, ಹೆಗಲ ಮ್ಯಾಲೆ ಕೂಸು. ಅಕ್ಕನ ಮುಂದ ಇನ್ನೂ ಹೇಳಿಲ್ಲ.”

ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆದಳು: ‘ಮೈ ಸಿಸ್ಟರ್ಸ್ ಸ್ಟೋರಿ ವಾಸ್ ಕ್ರೆಡಿಬಲ್. ಐ ಡಿಡ್ ನಾಟ್ ಬಿಲೀವ್ ಹರ್.’ ಫರ್ಜಾನಾಳ ಕಡೆ ತಿರುಗಿ, “ಹೌದು, ಕ್ರೆಡಿಬಲ್. ಕೊರತಿ ಇದ್ದದ್ದು ಕೇಳೋರ ಕಡೆ,” ಎಂದಳು. ಗಂಟೆ ಹೊಡೆಯಿತು.

ಕುಲಗೋಡ ಸರ್ ಅತ್ತು ಎರಡು ಕರವಸ್ತ್ರ ತೋಯಿಸಿಕೊಂಡು ನೂರಕ್ಕೆ ನೂರಾಹತ್ತು ಅಂಕ ಕೊಟ್ಟರು. ದಾಕ್ಷಾಯಣಿ ಆ ಎರಡು ವಾಕ್ಯಗಳನ್ನು ನನ್ನ ಮೇಲೂ ಬರೆದು, ಸಂಜೆ ಅಕ್ಕನ ಹೊಲಿಗೆ ಯಂತ್ರದ ಮೇಲಿಟ್ಟಳು. ಅಕ್ಕ ತಂಗಿ ತಬ್ಬಿಕೊಂಡು ಅತ್ತ ಸದ್ದಿಗೆ ಇಡೀ ಓಣಿ ಓಡಿಬಂತು. ಎಲ್ಲ ನನ್ನ ಒಂದು ಜಿಗಿತದಿಂದ.

ಈಗ ನನಗೆ ವಯಸ್ಸಾಗಿದೆ. ಶಕುಂತಲಾಳ ಯಂತ್ರದ ಪಕ್ಕದ ಗೋಡೆಯ ಮೇಲೆ ಇದ್ದೇನೆ. ಗುಂಡುಪಿನ್ನುಗಳನ್ನು ನನಗೇ ಚುಚ್ಚಿಡುತ್ತಾಳೆ. ಮೊನ್ನೆ ರವಿಕೆ ಒಯ್ಯಲು ಬಂದ ಹೆಂಗಸೊಬ್ಬಳು ಕೇಳಿದಳು, “ಶಕುಂತಲಕ್ಕಾ, ಇದೇನ್ರಿ ಇಂಗ್ಲಿಷ್ ರಟ್ಟು?”

ಈಗ ಶಿಕ್ಷಕಿಯಾಗಿರುವ ದಾಕ್ಷಾಯಣಿ ರಜೆಗೆ ಬಂದು ಅಲ್ಲೇ ರವಿಕೆಗೆ ಹುಕ್ಕು ಹಚ್ಚುತ್ತ ಕೂತಿದ್ದಳು. ಕತೆಯೆಲ್ಲ ಹೇಳಿದಳು. “ನಾನ ಅದನ್ನ ತಿರುವಿ ಮಕ್ಕಳಿಗೆ ತೋರಿಸಿದೆ. ಮಾರ್ಕು ಬಂದದ್ದು ಐವತ್ತೆರಡು. ಪಾಠ ಪೂರಾ ಮಾಡಲಿಲ್ಲ ಅಂತ ಸರ್ ಬೈದ್ರು.”

“ಅಕ್ಕ ತಂಗಿ ಭಾಳ ಅತ್ತಿರಬೇಕು?”

“ಅಳೂದೆಲ್ಲಿ ಬಂತು?” ಎಂದಳು ಶಕುಂತಲಾ. “ತಂದಿಟ್ಟು ಕಂಬದಂಗ ನಿಂತಿದ್ಲು. ಇಂಗ್ಲಿಷ್ ನನಗ ತಿಳಿಯಂಗಿಲ್ಲ, ನೀನ ಹೇಳು ಅಂದೆ. ಹೇಳಾಕ ಒಂದು ತಾಸು ತಗೊಂಡ್ಲು.”

“ನೀವೇನಂದ್ರಿ?”

“ಕೂಡು, ಹುಕ್ಕು ಹಚ್ಚು ಅಂದೆ.”

ಸಿಕ್ಕಿಬಿದ್ದೆ. ಮೈತುಂಬ ಪಿನ್ನು ಚುಚ್ಚಿಸಿಕೊಂಡವನು ಓಡಿಹೋಗಲೂ ಆಗದು. ಇರುವುದನ್ನು ಹೇಳಿಬಿಡುತ್ತೇನೆ. ರಟ್ಟು ಜಿಗಿಯುವುದಿಲ್ಲ. ಅಂದು ನಾನು ಏನೂ ಮಾಡಲಿಲ್ಲ. ದಾಕ್ಷಾಯಣಿಯ ಬೆರಳುಗಳು ನನ್ನನ್ನು ತಿರುವಲು ಹೋಗಿ ಎರಡು ಸಲ ನಿಂತವು. ಮೂರನೆಯ ಸಲ ತಿರುವಿದವು. ಅವಳ ಕೈ ಬೆವೆತಿತ್ತು. ಹಿಡಿದ ಕಡೆ ನನ್ನ ಅಂಚು ಮೆತ್ತಗಾಗಿ, ಒಣಗಿದ ಮೇಲೆ ಸುಕ್ಕಾಯಿತು. ಅದೊಂದು ಸುಕ್ಕು ಖರೆ. ಬೇಕಾದರೆ ಬಂದು ಮುಟ್ಟಿ ನೋಡಿ.