ಚಕ್ರಕ್ಕೆ ಹಚ್ಚಿದ ಭಂಡಾರ

ಮಾರ್ತಾಂಡ ಬಡಿಗ ಏನೇ ಮಾಡಿ ಮುಗಿಸಿದರೂ ಅದಕ್ಕೆ ಚಿಟಿಕೆ ಭಂಡಾರ ಹಚ್ಚದೆ ಹೊರಗೆ ಕಳಿಸುತ್ತಿರಲಿಲ್ಲ. ವಡಗಾವಿಯ ನೇಕಾರರಿಗೆ ಲಾಳಿ ಮಾಡಿಕೊಡುತ್ತಿದ್ದ ಅವನ ಅಪ್ಪನೂ ಹಾಗೆಯೇ ಮೈಲಾರಲಿಂಗನ ಅರಿಶಿನಪುಡಿ ಹಚ್ಚಿ ಕೈಮುಗಿಯುತ್ತಿದ್ದ. ಈಗ ಮಗ ಮಾಡುತ್ತಿದ್ದದ್ದು ಲಾಳಿಯಲ್ಲ, ಜೂಜಿನ ಚಕ್ರ. ದೇವರು ಬೇಡ ಅನ್ನಲಿಲ್ಲ, ಇವನೂ ಕೇಳಲಿಲ್ಲ.

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷದ ಮಾತು. ಶಹಾಪುರದ ತ್ರ್ಯಂಬಕರಾಯರ ಕಂಪನಿಯಲ್ಲಿ ಲಾಟರಿ ಚೀಟಿ, ದಾಳ, ನಂಬರಿನ ಚಕ್ರ ತಯಾರಾಗಿ ಹುಬ್ಬಳ್ಳಿ, ಮೀರಜದವರೆಗೂ ಹೋಗುತ್ತಿದ್ದವು. ರಾಯರು ಕೆಟ್ಟವರೇನಲ್ಲ. ಮಾರ್ತಾಂಡನ ಹೆಂಡತಿ ಚಂದ್ರಭಾಗಾ ಬಾಣಂತಿ ಸನ್ನಿಯಲ್ಲಿ ಸಾಯುವಂತಾದಾಗ ತಮ್ಮ ಟಾಂಗಾದಲ್ಲೇ ಡಾಕ್ಟರರನ್ನು ಕರೆತಂದು, ಖರ್ಚನ್ನೂ ತಾವೇ ಕೊಟ್ಟು ಉಳಿಸಿದವರು. ಅಂದಿನಿಂದ ಅವರ ಮಾತೇ ಮಾರ್ತಾಂಡನಿಗೆ ವೇದ. ಚಕ್ರದ ಮೇಜಿನ ಕೆಳಗೆ, ಕಾಲಲ್ಲಿ ಒತ್ತಿದರೆ ಬೇಕಾದಲ್ಲಿ ನಿಲ್ಲಿಸುವ ಕಳ್ಳ ತಡೆಯೊಂದನ್ನು ಮಾಡು ಎಂದರು, ಮಾಡಿದ. ಯಾಕೆ ಎಂದು ಕೇಳಿದರೆ ಉಪಕಾರ ಮರೆತಂತೆ ಎಂದುಕೊಂಡ.

ಖಾನಾಪುರದ ಸಂತೆಯ ಚಕ್ರದಲ್ಲಿ ತಡೆ ಸಿಕ್ಕಿಕೊಂಡಿದೆ ಎಂದು ಸುದ್ದಿ ಬಂತು. ಮಾರ್ತಾಂಡ ರೈಲಿನಲ್ಲಿ ಹೋಗಿ ಸರಿಪಡಿಸಿದ. ಕೈ ಒರೆಸಿಕೊಳ್ಳುತ್ತಿದ್ದಾಗ ಕುರಿ ಕಾಯುವ ಮುದುಕಿ ಭರಮವ್ವ ಬಂದು, ಚಕ್ರಕ್ಕೆ ಕೈಮುಗಿದು, ತನ್ನ ಬೆಳ್ಳಿ ಕಡಗ ಬಿಚ್ಚತೊಡಗಿದಳು.

“ಯವ್ವಾ, ಅದನ್ಯಾಕ ಬಿಚ್ಚತಿ?” ಎಂದು ಕೇಳಿದ.

“ಮಗಳು ಹಡಿಯಾಕ ಬಂದಾಳ, ತಮ್ಮಾ. ಅಕಿ ಬಾಣಂತನಕ್ಕಂತ ಉಣ್ಣೆ ಮಾರಿದ ರೊಕ್ಕ ಹ್ವಾದ ಸಂತ್ಯಾಗ ಇದರ ಬಾಯಿಗೆ ಬಿತ್ತು. ಇವತ್ತ ತಿರುಗಿ ಕೊಡತೈತಿ.”

“ಕೊಡತೈತಿ ಅಂತ ಯಾರ ಹೇಳಿದ್ರು?”

“ಯಾರ ಯಾಕ ಹೇಳಬೇಕು? ಭಂಡಾರ ಹಚ್ಯಾರ ನೋಡು. ಮೈಲಾರಲಿಂಗನ ಚಕ್ರ ಇದು. ಕುರಿ ಕಾಯೋರಿಗೆ ಅಂವ ಮೋಸ ಮಾಡತಾನೇನು?”

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಮಾರ್ತಾಂಡನಿಗೆ. ಸನ್ನಿಯಲ್ಲಿ ನರಳುತ್ತಿದ್ದ ಚಂದ್ರಭಾಗಾಳ ಮುಖ ಕಣ್ಣಿಗೆ ಕಟ್ಟಿತು. ಚಕ್ರ ತಿರುಗಿಸುವವನು ಸುಮ್ಮನಿರು ಎಂದು ಕಣ್ಣು ಮಿಟುಕಿಸಿದ. ಮಾರ್ತಾಂಡ ಮೇಜಿಗೆ ಇಳಿಬಿಟ್ಟಿದ್ದ ಬಟ್ಟೆಯನ್ನು ಎತ್ತಿ ಹಿಡಿದ.

“ಇಲ್ಲಿ ನೋಡಬೇ. ಇದು ನಾ ಮಾಡಿದ ತಡಿ. ಕಾಲಿಲೆ ಒತ್ತಿದ್ರ ಚಕ್ರ ನಿನ್ನ ನಂಬರ ದಾಟಿ ನಿಲ್ಲತೈತಿ. ಭಂಡಾರ ಹಚ್ಚಿದಾಂವನೂ ನಾನ. ಇದರಾಗ ದೇವರಿಲ್ಲ.”

ಭರಮವ್ವ ಒಮ್ಮೆ ಬಗ್ಗಿ ನೋಡಿದಳು. ಕಡಗವನ್ನು ಮತ್ತೆ ಕೈಗೇರಿಸಿಕೊಂಡಳು. “ಖರೇ ಹೇಳಿದಿ. ನಿನ್ನ ಹೊಟ್ಟಿ ತಣ್ಣಗಿರಲಿ, ತಮ್ಮಾ” ಎಂದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ರಾಯರ ಮುಂದೆ ನಿಂತು ನಡೆದದ್ದನ್ನೆಲ್ಲ ತಾನೇ ಹೇಳಿದ. ರಾಯರು ಕೆಂಡವಾದರು.

“ನಾ ಯಾರನ್ನೂ ಕೈ ಹಿಡದು ಎಳಕೊಂಡು ಬರೂದಿಲ್ಲ. ಈ ಕಂಪನಿಯಿಂದ ಎಷ್ಟು ಮಂದಿ ಹೊಟ್ಟಿ ತುಂಬತದ, ಗೊತ್ತದ ಏನು? ಉಂಡ ಮನಿ ಗಳಾ ಎಣಸ್ತಿ ಏನೋ?”

“ಇಲ್ಲರಿ ಧಣ್ಯಾರ. ನಿಮ್ಮ ಉಪಕಾರ ಸಾಯೂತನಕ ಮರಿಯಂಗಿಲ್ಲ. ನನ್ನ ಹೇಣ್ತಿ ಉಳದದ್ದು ನಿಮ್ಮಿಂದ. ಆದ್ರ ನೀವು ಆ ಡಾಕ್ಟರಿಗೆ ಕೊಟ್ಟದ್ದು ಇಂಥಾ ಮುದುಕ್ಯಾರ ಉಣ್ಣೆ ಮಾರಿದ ರೊಕ್ಕ. ಆ ಋಣಾನೂ ನನ್ನ ಮ್ಯಾಲ ಐತಿ.”

ಅವರ ಕಾಲು ಮುಟ್ಟಿ ನಮಸ್ಕರಿಸಿ ಹೊರಬಿದ್ದ. ರಾಯರು ತಡೆಯಲಿಲ್ಲ. ಮತ್ತೆ ವಡಗಾವಿಯ ಲಾಳಿಯ ಕೆಲಸ ಹಿಡಿದ, ಗಂಜಿಗೇನೂ ಮೋಸವಾಗಲಿಲ್ಲ. ಚಂದ್ರಭಾಗಾ ಗೊಣಗಲೂ ಇಲ್ಲ.

ಮುಂದಿನ ಸಂತೆಯಂದು ಖಾನಾಪುರದಲ್ಲಿ ಆ ಚಕ್ರದ ಎದುರಿಗೇ ಗೋಣಿತಾಟು ಹಾಸಿ, ಬಾಚಿ, ಉಳಿಗಳನ್ನು ಹರಡಿಕೊಂಡು ಮಾರ್ತಾಂಡ ಕುಳಿತಿದ್ದ. ಕೊಡಲಿಗೆ ಕಾವು, ನೇಗಿಲಿಗೆ ಮೇಣಿ, ಯಾರು ಏನು ತಂದರೂ ಮಾಡಿಕೊಡುತ್ತಿದ್ದ. ಕಳ್ಳ ತಡೆಯ ಸುದ್ದಿ ಕಿವಿಯಿಂದ ಕಿವಿಗೆ ಹಬ್ಬಿ, ಚಕ್ರದ ಸುತ್ತಲಿನ ಮಂದಿ ಅಷ್ಟಷ್ಟೇ ಇತ್ತ ಸರಿಯಿತು. ಮಧ್ಯಾಹ್ನ ಭರಮವ್ವ ಮುರಿದ ತೊಟ್ಟಿಲು ಹೊತ್ತು ತಂದಳು. ಮಗಳಿಗೆ ಗಂಡು ಕೂಸು ಹುಟ್ಟಿತ್ತು.

ತೊಟ್ಟಿಲು ಗಟ್ಟಿಯಾದ ಮೇಲೆ ಮುದುಕಿ ಸೆರಗಿನ ಗಂಟು ಬಿಚ್ಚಿದಳು. “ಕೂಲಿ ಎಷ್ಟ ಕೊಡ್ಲೋ, ತಮ್ಮಾ?”

“ನಿನ್ನ ಕೂಲಿ ನನಗ ಎಂದೋ ಮುಟ್ಟೇತಬೇ” ಎಂದ ಮಾರ್ತಾಂಡ, ತೊಟ್ಟಿಲನ್ನು ಎತ್ತಿ ಅವಳ ತಲೆಯ ಮೇಲಿಟ್ಟ.