ಅಕ್ಕನ ಕಿಡ್ನಿಯ ಮೇಲಿನ ಅಪವಾದ

ಮೊಳಕಾಲ್ಮುರು ಕಡೆಯ ಕ್ಯಾತಪ್ಪನ ರೇಷ್ಮೆ ಹುಳದ ಮನೆಯೊಳಗೆ ತಹಶೀಲ್ದಾರರೇ ಬಂದರೂ ಚಪ್ಪಲಿ ಬಿಡಲೇಬೇಕು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ. ಅದರಲ್ಲಿ ಪಾದ ಅದ್ದಿಯೇ ಒಳಗೆ ಕಾಲಿಡಬೇಕು. ಚಪ್ಪಲಿಗಂಟಿದ ಮಣ್ಣಿನಿಂದ ಹುಳಕ್ಕೆ ರೋಗ ಬರುತ್ತದೆಂದು ಯಾವುದೋ ತರಬೇತಿಯಲ್ಲಿ ಕೇಳಿದ್ದನ್ನು ಅವನು ವೇದವಾಕ್ಯ ಮಾಡಿಕೊಂಡಿದ್ದ. ತೋಟಕ್ಕೂ ಹುಳದ ಮನೆಗೂ ದಿನಕ್ಕೆ ಹತ್ತು ಸಲ ಓಡಾಡುವವನು, ಅಷ್ಟು ಸಲ ಬಿಡುವುದು ಮೆಟ್ಟುವುದು ಯಾಕೆಂದು ಚಪ್ಪಲಿಯ ಸಹವಾಸವನ್ನೇ ಬಿಟ್ಟ. ಇಪ್ಪತ್ತೆರಡು ವರ್ಷ, ನೀರು ಹಾಯಿಸಿದ ಹಿಪ್ಪುನೇರಳೆ ಸಾಲಿನಲ್ಲಿ ಬರಿಗಾಲು. ಹುಳಗಳೇನೋ ಆರೋಗ್ಯವಾಗಿದ್ದವು.

ಅವನ ಎರಡೂ ಕಿಡ್ನಿ ಕೈಕೊಟ್ಟಾಗ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬಿಪಿ, ಸಕ್ಕರೆ ಕಾಯಿಲೆ ನೆನಪಿಸಿಕೊಂಡರು. ಪಕ್ಕದ ಬೀದಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಬಾಳುತ್ತಿದ್ದ ಅಕ್ಕ ಸೂರಮ್ಮ ಮಾತ್ರ, "ನಂದೊಂದು ತಗೊಳ್ಳಿ, ಎರಡಿಟ್ಕೊಂಡು ನಾನೇನ್ ಮಾಡ್ಲಿ" ಎಂದು ಬೆಂಗಳೂರಿನ ಬಸ್ಸು ಹತ್ತಿದಳು.

ಐದು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಕೆಮ್ಮು, ಏದುಸಿರು, ಕಫದಲ್ಲಿ ರಕ್ತ. ಮತ್ತೆ ಅದೇ ಆಸ್ಪತ್ರೆ. ಕಫ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಶ್ವಾಸಕೋಶದಲ್ಲಿ ಹುಳ ಇದೆ ಎಂದರು. ಕಣ್ಣಿಗೆ ಕಾಣದ ಮರಿಹುಳ. ತೇವದ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿ ಒಳಗಿಳಿಯುತ್ತದೆ, ಕರುಳಲ್ಲಿ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಕಸಿ ಮಾಡಿದ ಕಿಡ್ನಿ ಉಳಿಯಲೆಂದು ಮಾತ್ರೆ ಕೊಟ್ಟು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಸಾವಿರಗಟ್ಟಲೆ ಹೆಚ್ಚಿ ಎದೆಗೆ ಏರುತ್ತದೆ. ತಡವಾದರೆ ಜೀವಕ್ಕೇ ಅಪಾಯ. "ಅಪರೂಪಕ್ಕೆ ಕಿಡ್ನಿ ಕೊಟ್ಟವರಿಂದಲೂ ಬರಬಹುದು. ನಿಮ್ಮ ಅಕ್ಕನ ರಕ್ತವನ್ನೂ ಪರೀಕ್ಷೆ ಮಾಡೋಣ" ಎಂದೂ ಸೇರಿಸಿದರು.

ಇಷ್ಟುದ್ದದ ಮಾತಿನಲ್ಲಿ ಕ್ಯಾತಪ್ಪನ ತಲೆಗೆ ಹೋದದ್ದು ಕೊನೆಯದು ಮಾತ್ರ. ಸುಣ್ಣ, ಬ್ಲೀಚಿಂಗ್ ಎಂದು ಬಾಳಿದವನ ಮೈಯಲ್ಲಿ ಹುಳವೆಂದರೇನು? ಸಗಣಿ ಬಾಚುವವಳದ್ದೇ ಇರಬೇಕು! ಆಕ್ಸಿಜನ್ ನಳಿಗೆ ಮೂಗಿನಲ್ಲಿರುವಾಗಲೇ ಊರಿನ ಹಾಲಿನ ಡೇರಿಯ ಮುದ್ದಪ್ಪನಿಗೆ ಫೋನ್ ಮಾಡಿದ. "ಅಕ್ಕನ ಕಿಡ್ನಿ ಜತೆಗೆ ಹುಳಾನೂ ಬಂದೈತೆ ಕಣ್ಲೇ." ಮುದ್ದಪ್ಪನಿಗೆ ಹೇಳಿದ ಮೇಲೆ ಬೇರೆಯವರಿಗೆ ಹೇಳುವ ಕೆಲಸ ಉಳಿಯಲಿಲ್ಲ. ಮರುದಿನವೇ ಸೂರಮ್ಮನ ಹಾಲಿನ ಕ್ಯಾನು ಡೇರಿಯಿಂದ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು.

ಕ್ಯಾತಪ್ಪನಿಗೆ ಹುಳದ ಮಾತ್ರೆ ಶುರುಮಾಡಿದರು. ಊರಿನ ಕುರಿಗಳಿಗೆ ಜಂತುಹುಳಕ್ಕೆಂದು ಹಾಕುವ ಔಷಧಿಯ ಜಾತಿಯದ್ದೇ ಅದು. ಕುರಿಗಳಿಗಿದ್ದ ಭಾಗ್ಯ ಅವನಿಗೆ ಈಗ ಬಂತು ಅನ್ನಿ.

ಇಪ್ಪತ್ತನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ ಎರಡು ರಿಪೋರ್ಟು ಮುಂದಿಟ್ಟರು. ಸೂರಮ್ಮ ಚಳ್ಳಕೆರೆಯ ಲ್ಯಾಬಿನಲ್ಲಿ ಕೊಟ್ಟುಬಂದಿದ್ದ, ಅವರು ನೇರ ಬೆಂಗಳೂರಿಗೇ ಕಳಿಸಿದ್ದ ರಕ್ತದಲ್ಲಿ ಹುಳದ ಸುಳಿವೇ ಇರಲಿಲ್ಲ. ಆಪರೇಷನ್ನಿಗೆ ಮುಂಚೆ ತೆಗೆದಿಟ್ಟಿದ್ದ ಕ್ಯಾತಪ್ಪನ ರಕ್ತದಲ್ಲಿತ್ತು.

"ಬರಿಗಾಲಲ್ಲಿ ಓಡಾಡ್ತಿದ್ರಾ?"

"ಹುಳಕ್ಕೆ ರೋಗ ಬರಬಾರದಲ್ವ್ರಾ ಮೇಡಂ" ಎಂದ ಕ್ಯಾತಪ್ಪ.

ಅವನು ಊರಿಗೆ ಬಂದ ಸಂಜೆಯೇ ಸೂರಮ್ಮ ಬಂದಳು. ಒಳಗೆ ಬರದೆ ಹೊಸ್ತಿಲಾಚೆಯೇ ಕೂತಳು.

"ತಪ್ಪಾತು ಕಣಪ್ಪ. ಗೊತ್ತಿದ್ದಿದ್ರೆ ಕೊಡ್ತಿರಲಿಲ್ಲ."

ನಿಜ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಪುಣ್ಯಾತ್ಮ ದೊಡ್ಡ ಮನಸ್ಸು ಮಾಡಿದ.

"ಹೋಗ್ಲಿ ಬಿಡಕ್ಕ. ನಾನೇನೂ ಮನಸಿಗೆ ಹಚ್ಕೊಂಡಿಲ್ಲ."

ಸೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಲ್ಲ ಕ್ಯಾತ, ನಾನು ಯೋಚ್ನೆ ಮಾಡಿದೀನಿ. ನನ್ನ ಹತ್ರ ಇನ್ನೊಂದೈತಲ್ಲ, ಅದನ್ನ ಪರೀಕ್ಷೆ ಮಾಡ್ಸು. ಚೆನ್ನಾಗಿದ್ರೆ ಅದನ್ನ ನೀನು ತಗೊಂಡು, ಹುಳ ಬಿದ್ದಿದ್ದನ್ನ ನನಗೇ ವಾಪಸ್ ಹಾಕ್ಸಿಬಿಡು. ನನಗೇನಾಗ್ಬೇಕು ಇನ್ನು."

ಕ್ಯಾತಪ್ಪನಿಗೆ ಆಗ ಕೆಮ್ಮೂ ಬರಲಿಲ್ಲ. ಬಂದಿದ್ದರೆ ಅದರ ನೆಪದಲ್ಲಾದರೂ ತಪ್ಪಿಸಿಕೊಳ್ಳುತ್ತಿದ್ದ. ನಾಚಿಕೆಯಿಂದ ಅವನ ಮುಖ ಕೆಳಗಾಯಿತು.

"ನಿಂದು ಚೆನ್ನಾಗೈತಕ್ಕ. ಹುಳ ನಂದೇ. ಮೊದ್ಲಿಂದ್ಲೂ ನನ್ನೊಳಗೇ ಇತ್ತಂತೆ."

ಸೂರಮ್ಮ ಕಣ್ಣೊರೆಸಿಕೊಂಡ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಇಷ್ಟು ದಿನ ಹಾಲನ್ನೆಲ್ಲ ಚರಂಡಿಗೆ ಚೆಲ್ಲಿದೀನಿ" ಎಂದಳು. "ಬೆಳಿಗ್ಗೆ ಡೇರಿಗೆ ಬಂದು ಎಲ್ಲರ ಮುಂದೆ ಇದನ್ನೇ ಹೇಳು."

"ಹೇಳ್ತೀನಿ. ಆದ್ರೆ ಆಮೇಲೆ ಮುದ್ದಪ್ಪ ನಮ್ಮನೆ ಹಸುವಿನ ಹಾಲು ಹಾಕಿಸ್ಕೊಳ್ತಾನೇನಕ್ಕ?"

ಸೂರಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಅವಳಿಗೆ ಸಿಟ್ಟು ಬಂದಿತ್ತು, ಬರದೆ ಇರುತ್ತದೆಯೇ? ಆದರೂ ಹೋಗುತ್ತಾ ಹೇಳಿದಳು:

"ಹಾಕಿಸ್ಕೊಳ್ದಿದ್ರೆ ನನ್ನ ಕ್ಯಾನಿಗೆ ಸುರಿ. ನನ್ನ ಹೆಸರಲ್ಲಿ ಹಾಕ್ತೀನಿ."